ಆಸ್ಪತ್ರೆಯಲ್ಲಿ ನಮ್ಮವರ ಮಾತು

ಊರಿನಿಂದ ವೃದ್ಧ ತಂದೆತಾಯಿಯರನ್ನು ಚಿಕಿತ್ಸೆಗಾಗಿ ಮುಂಬಯಿಗೆ ಕರೆತರುವುದು ನಮ್ಮವರಲ್ಲಿ ವಾಡಿಕೆಯಾಗಿದೆ. ದೊಡ್ಡ ಆಸ್ಪತ್ರೆ, ನುರಿತ ವೈದ್ಯರು, ಬಗೆಬಗೆಯ ಯಂತ್ರಗಳು, ಇವಿಷ್ಟಿದ್ದರೆ ನಾವು ನಿಶ್ಚಿಂತರು. ಆದರೆ ಆಸ್ಪತ್ರೆಯೊಳಗೂ ಅಪಾಯಗಳುಂಟು. ಒಬ್ಬರ ಔಷಧವು ಇನ್ನೊಬ್ಬರಿಗೆ ಹೋಗಬಹುದು, ಪ್ರಮಾಣ ತಪ್ಪಬಹುದು, ಸೋಂಕು ತಗುಲಬಹುದು. ಚಿಕಿತ್ಸೆ ಪಡೆಯುವ ಹತ್ತು ಮಂದಿಯಲ್ಲಿ ಸುಮಾರು ಒಬ್ಬರಿಗೆ ಆ ಚಿಕಿತ್ಸೆಯ ಸಂದರ್ಭದಲ್ಲಿಯೇ ಹಾನಿಯಾಗುತ್ತದೆಂದೂ, ಅದರಲ್ಲಿ ಅರ್ಧಕ್ಕಿಂತ ಹೆಚ್ಚಿನದು ತಡೆಯಬಹುದಾದುದೆಂದೂ ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ.

ಇಂಥ ಅಪಾಯದ ಮೊದಲ ಸುಳಿವು ಅನೇಕ ವೇಳೆ ರೋಗಿಗೇ ದೊರೆಯುತ್ತದೆ. ಅದನ್ನು ತಿಳಿಸಲು ಭಾಷೆ ಬೇಡವೆ?

ಪರಿಚಿತರ ಮನೆಯಲ್ಲಿ ನಡೆದ ಸಂಗತಿಯನ್ನು ಹೇಳುತ್ತೇನೆ. ವಿಜಾಪುರದ ಕಡೆಯ ವೃದ್ಧೆಯೊಬ್ಬರು ಚುಚ್ಚುಮದ್ದಿನ ತರುವಾಯ ‘ಮೈಯೆಲ್ಲ ಕಡ್ಯಾಕತ್ತೈತಿ’ ಎಂದರು. ಬಳಿಯಲ್ಲಿದ್ದವನು ಮುಂಬಯಿಯಲ್ಲಿಯೇ ಬೆಳೆದ ಮೊಮ್ಮಗ. ಆ ಕಡೆ ಕಡಿತವೆಂದರೆ ನವೆಯೆಂಬುದನ್ನು ಅರಿಯದ ಅವನು, ಅಜ್ಜಿಗೆ ಏನೋ ಕಚ್ಚುತ್ತಿದೆಯೆಂದು ದಾದಿಗೆ ಹಿಂದಿಯಲ್ಲಿ ತಿಳಿಸಿದ. ಆಕೆ ಹಾಸಿಗೆಯಲ್ಲಿ ತಗಣೆ ಹುಡುಕಿದಳು! ಅದು ಔಷಧವು ಮೈಗೆ ಒಗ್ಗದುದರ ಲಕ್ಷಣ. ತುಟಿ ಊದಿಕೊಂಡ ಮೇಲೆ ವೈದ್ಯರು ಧಾವಿಸಿ ಬಂದರು, ಅಜ್ಜಿ ಉಳಿದರು. ಹುಡುಗನನ್ನಾಗಲಿ ದಾದಿಯನ್ನಾಗಲಿ ದೂಷಿಸಿ ಫಲವೇನು?

ಇನ್ನೊಂದು ತೊಡಕು ನಮ್ಮ ಸೌಜನ್ಯದ್ದು. ಪರಭಾಷೆಯಲ್ಲಿ ಯಾವುದೋ ಹೆಸರು ಹಿಡಿದು ‘ನೀವೇ ತಾನೆ?’ ಎಂದರೂ ನಮ್ಮ ಹಿರಿಯರು ಸುಮ್ಮನೆ ತಲೆಯಾಡಿಸುತ್ತಾರೆ. ಹೆಸರನ್ನು ರೋಗಿಯ ಬಾಯಿಂದಲೇ ಹೇಳಿಸಬೇಕು. ವೈದ್ಯನೇ ನಾರಾಯಣನೆಂದು ನಂಬಿ ಬಂದವರಿಗೆ ಮರುಪ್ರಶ್ನೆಯು ಅವಿನಯವೆನಿಸುವುದು ಸಹಜ. ಆದರೆ ವೈದ್ಯಲೋಕವೇ ಹಾಗೆಂದು ಭಾವಿಸಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ ಹೊರತಂದ ಶಸ್ತ್ರಕ್ರಿಯೆಯ ಸುರಕ್ಷತಾ ಪಟ್ಟಿಯ ಪ್ರಕಾರ, ಅರಿವಳಿಕೆಗೆ ಮುನ್ನ ಹೆಸರು, ಶಸ್ತ್ರಕ್ರಿಯೆ, ದೇಹದ ಯಾವ ಭಾಗ, ಸಮ್ಮತಿ ಇವನ್ನು ರೋಗಿಯಿಂದಲೇ ಖಚಿತಪಡಿಸಿಕೊಳ್ಳತಕ್ಕದ್ದು. ದೆಹಲಿಯೂ ಸೇರಿದಂತೆ ಎಂಟು ನಗರಗಳಲ್ಲಿ ಆ ಪಟ್ಟಿಯನ್ನು ಬಳಸಿ ನೋಡಿದಾಗ ಶಸ್ತ್ರಕ್ರಿಯೆಯ ಅನಂತರದ ಮರಣವು ಶೇಕಡಾ 1.5ರಿಂದ 0.8ಕ್ಕೆ ಇಳಿದುದು 2009ರಲ್ಲಿ ಪ್ರಕಟವಾಯಿತು.

ತನಗೆ ತಿಳಿಯುವ ಭಾಷೆಯಲ್ಲಿ ವಿವರಣೆ ಪಡೆಯುವುದು ರೋಗಿಯ ಹಕ್ಕೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಸನ್ನದು ಹೇಳುತ್ತದೆ. ರಾತ್ರಿ ಎರಡು ಗಂಟೆಗೆ ವಾರ್ಡಿನಲ್ಲಿ ಆ ಭಾಷೆಯನ್ನಾಡುವವರು ಯಾರು?

ಈ ಹೊಣೆಯನ್ನು ನಮ್ಮ ಸಂಘಗಳು ಹೊರಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ರಾಜ್ಯೋತ್ಸವಕ್ಕೆ, ನಾಟಕಕ್ಕೆ, ಇಂಥ ಸ್ಮರಣ ಸಂಚಿಕೆಗೂ ನಾವು ಧಾರಾಳವಾಗಿ ವೆಚ್ಚ ಮಾಡುತ್ತೇವೆ. ಕನ್ನಡ, ಮರಾಠಿ, ಹಿಂದಿ ಮೂರನ್ನೂ ಬಲ್ಲ, ಯಾವ ಹೊತ್ತಿನಲ್ಲಾದರೂ ದೂರವಾಣಿಯಲ್ಲಿ ಮಾತನ್ನು ದಾಟಿಸಬಲ್ಲ ವಯಸ್ಕರ ಪಟ್ಟಿಯೊಂದನ್ನು ಸಿದ್ಧಪಡಿಸಲು ಎಷ್ಟು ಖರ್ಚಾದೀತು? ನಿವೃತ್ತ ಶಿಕ್ಷಕರೂ ದಾದಿಯರೂ ನಮ್ಮಲ್ಲಿ ಸಾಕಷ್ಟಿದ್ದಾರೆ. ಜತೆಗೆ ಪ್ರತಿ ಸದಸ್ಯರ ಮನೆಗೊಂದು ಚೀಟಿಯನ್ನೂ ಮುದ್ರಿಸಿಕೊಡಬಹುದು. ಒಂದು ಮಗ್ಗುಲಲ್ಲಿ ರೋಗಿಗೆ ಒಗ್ಗದ ಔಷಧಗಳನ್ನೂ ನಿತ್ಯದ ಗುಳಿಗೆಗಳನ್ನೂ ಬರೆಯಲು ಸ್ಥಳ. ಇನ್ನೊಂದರಲ್ಲಿ ನವೆ, ಉಬ್ಬಸ, ಎದೆನೋವು, ತಲೆಸುತ್ತು ಮೊದಲಾದವುಗಳಿಗೆ ವಿಜಾಪುರದವರು, ಮಂಗಳೂರಿನವರು, ಮೈಸೂರಿನವರು ಆಡುವ ಮಾತುಗಳು, ಎದುರಿಗೆ ಮರಾಠಿ ಮತ್ತು ಇಂಗ್ಲಿಷಿನಲ್ಲಿ ಅವುಗಳ ಅರ್ಥ.