ಮರಳಿನೊಳಗೂ ಜೀವವಿದೆ

ಈ ಬೇಸಿಗೆಯಲ್ಲಿ ಎರಡು ರಾತ್ರಿ ಟ್ರ್ಯಾಕ್ಟರ್‌ಗೆ ಮರಳು ತುಂಬಲು ಹೋಗಿದ್ದೆ. ಡಿಗ್ರಿ ಮುಗಿದಿದೆ, ಪರೀಕ್ಷೆಯ ಅರ್ಜಿ ಶುಲ್ಕಕ್ಕೂ ಅಪ್ಪನ ಮುಂದೆ ಕೈಚಾಚಲು ನಾಚಿಕೆ. ನಮ್ಮೂರು ಸಿಂಧನೂರು ತಾಲ್ಲೂಕಿನ ಮುಕ್ಕುಂದ, ತುಂಗಭದ್ರೆ ಪಕ್ಕದಲ್ಲೇ ಇದ್ದಾಳೆ. ಟಾರ್ಚ್ ಬೆಳಕಿನಲ್ಲಿ ನನ್ನ ಸಲಿಕೆಯ ಮೇಲೆ ಬೆರಳಗಲದ ಚಪ್ಪಟೆ ಹುಳುವೊಂದು ಒದ್ದಾಡುತ್ತಿತ್ತು. ‘ನೀರಾಗಿನ ತಗಣಿ ಅದು, ಒಗಿ ಅತ್ಲಾಗ’ ಎಂದ ಗೆಳೆಯ. ಒಗೆಯುವ ಮೊದಲು ಫೋಟೊ ತೆಗೆದುಕೊಂಡೆ.

ಕಾಲೇಜಿನ ಪ್ರಾಣಿಶಾಸ್ತ್ರದ ಸರ್‌ಗೆ ತೋರಿಸಿದಾಗ ಗೊತ್ತಾಯಿತು, ಅದು ತಗಣಿಯಲ್ಲ, ಹೆಲಿಕಾಪ್ಟರ್ ಹುಳುವಿನ ಮರಿ. ಗೋಂಫಿಡೆ ಎಂಬ ಕುಟುಂಬಕ್ಕೆ ಸೇರಿದ್ದು. ದೊಡ್ಡದಾದ ಮೇಲೆ ಇವುಗಳ ಎರಡು ಕಣ್ಣುಗಳು ಒಂದಕ್ಕೊಂದು ತಾಗುವುದಿಲ್ಲ, ಹಲವು ಜಾತಿಗಳಲ್ಲಿ ಬಾಲದ ತುದಿ ಗದೆಯಂತೆ ಉಬ್ಬಿರುತ್ತದೆ. ಹೆಚ್ಚಿನವು ಹರಿಯುವ ನೀರನ್ನೇ ನಂಬಿ ಬದುಕುತ್ತವೆ. ಮರಿ ಮುಂಗಾಲಿನಿಂದ ಮರಳು ಬಗೆದು ಹೂತುಕೊಂಡು, ಹಿಂಭಾಗದ ತುದಿಯಿಂದ ನೀರೆಳೆದು ಉಸಿರಾಡುತ್ತದೆ. ಬೇಟೆ ಹತ್ತಿರ ಬಂದರೆ ಮಡಚಿಟ್ಟ ಕೆಳದುಟಿಯನ್ನು ಚಾಚಿ ಹಿಡಿಯುತ್ತದೆ. ರೆಕ್ಕೆ ಬಂದ ಮೇಲಿನ ಬದುಕು ಕೆಲವೇ ವಾರ, ಮರಳಿನೊಳಗಿನದು ಬಹಳಷ್ಟು ಜಾತಿಗಳಲ್ಲಿ ಒಂದು ವರ್ಷ, ಅದಕ್ಕೂ ಹೆಚ್ಚು.

‘ನಮ್ಮ ಗದ್ದೆ ಮೇಲೆ ಹಿಂಡು ಹಿಂಡು ಹಾರ್ತಾವಲ್ಲ, ಕಡಿಮೆ ಎಲ್ಲಾಗ್ಯಾವ?’ ಎಂದು ನಾನೂ ವಾದಿಸಿದ್ದೆ. ಹಾಗೆ ಹಾರುವುದು ಹೆಚ್ಚಾಗಿ ಪಾಂಟಾಲಾ ಎಂಬ ಬೇರೆಯೇ ಜಾತಿ. ಅದು ಹಿಂದೂ ಮಹಾಸಾಗರ ದಾಟಿ ಆಫ್ರಿಕಾವರೆಗೆ ಹೋಗುತ್ತದೆ, ನಿಂತ ಮಳೆನೀರಿನಲ್ಲೇ ಒಂದೆರಡು ತಿಂಗಳಲ್ಲಿ ಬೆಳೆಯುತ್ತದೆ. ಅದನ್ನು ನೋಡಿ ಹೊಳೆ ಚೆನ್ನಾಗಿದೆ ಎಂದುಕೊಂಡರೆ ಮೋಸಹೋದಂತೆ.

ಇನ್ನು ಹೊಳೆಯ ವಿಷಯ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್‌ನ ಚೈನ್ ತುಂಡಾಯಿತು. ಆಮೇಲೆ 33 ಗೇಟ್‌ಗಳನ್ನೂ ಬದಲಿಸುವ ನಿರ್ಧಾರವಾಯಿತು, ಅದಕ್ಕಾಗಿ 2025–26ರಲ್ಲಿ ಎರಡನೇ ಬೆಳೆಗೆ ನೀರಿಲ್ಲ ಎಂದರು. ನಿರ್ಧಾರ ಸರಿಯೇ, ಡ್ಯಾಂ ಉಳಿದರೆ ತಾನೇ ಭತ್ತ? ಆದರೆ ನಾಟಿ ಇಲ್ಲ, ಕಟಾವಿಲ್ಲ ಎಂದರೆ ಕೂಲಿಯೂ ಇಲ್ಲ. ಕೂಲಿ ಇಲ್ಲದ ಹುಡುಗರಿಗೆ ರಾತ್ರಿ ಟ್ರ್ಯಾಕ್ಟರ್ ಇದ್ದೇ ಇದೆ. ಟಿಎಂಸಿ ಲೆಕ್ಕ, ಎಕರೆ ಲೆಕ್ಕ ಎಲ್ಲ ಚರ್ಚೆಯಾಯಿತು, ಈ ಲೆಕ್ಕ ಯಾರೂ ಹಾಕಲಿಲ್ಲ.

ನೀರು ಇಳಿದಾಗ ಮರಿಗಳು ಒದ್ದೆ ಮರಳಿಗೆ ಸರಿಯುತ್ತವೆ. ನಾವು ಸಲಿಕೆ ಹಾಕುವುದೂ ಅಲ್ಲಿಗೇ. ಜೊತೆಗೆ ಭತ್ತದ ಕಂದು ಜಿಗಿಹುಳುವಿಗೆ ಹೊಡೆಯುವ ಔಷಧಿ ಬಸಿಗಾಲುವೆಯಲ್ಲಿ ಹೊಳೆಗೆ ಸೇರುತ್ತದೆ. ಇಮಿಡಾಕ್ಲೋಪ್ರಿಡ್, ಫಿಪ್ರೊನಿಲ್ ಇವುಗಳ ಮರಿಗಳಿಗೆ ಮಾರಕ ಎಂಬುದನ್ನು ಜಪಾನಿನ ಭತ್ತದ ಗದ್ದೆಗಳಲ್ಲೇ ಕಂಡುಕೊಂಡಿದ್ದಾರೆ. ಜಗತ್ತಿನ 6,016 ಜಾತಿಯ ಡ್ರ್ಯಾಗನ್‌ಫ್ಲೈ, ಡ್ಯಾಮ್ಸೆಲ್‌ಫ್ಲೈಗಳಲ್ಲಿ ಶೇ 16ರಷ್ಟು ಅಳಿವಿನ ಅಪಾಯದಲ್ಲಿವೆ ಎಂದು ಐಯುಸಿಎನ್ 2021ರಲ್ಲೇ ಹೇಳಿದೆ. (ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಬರೆದಿಟ್ಟುಕೊಳ್ಳಿ.)

ಡ್ಯಾಂನಿಂದ ಕಂಪ್ಲಿವರೆಗಿನ 34 ಕಿ.ಮೀ. ಹೊಳೆಯನ್ನು 2015ರಲ್ಲಿ ನೀರುನಾಯಿಗಳಿಗಾಗಿ ಮೀಸಲು ಪ್ರದೇಶ ಮಾಡಿದ್ದಾರೆ. ಅದರ ಕೆಳಗಿನ ನಮ್ಮ ಭಾಗಕ್ಕೆ ಅಂಥದ್ದೇನೂ ಇಲ್ಲ. ನೀರಂಚಿನ ಬಂಡೆಗಳ ಮೇಲೆ ಈ ಹುಳುಗಳು ಬಿಟ್ಟುಹೋದ ಪೊರೆ ಎಣಿಸಿದರೆ ಎಲ್ಲಿ ಮರಳು ತೆಗೆಯಬಾರದು ಎಂದು ಗುರುತಿಸಬಹುದು. ಕಾಲೇಜು ಹುಡುಗರೇ ಮಾಡಬಹುದಾದ ಕೆಲಸ, ದಿನಗೂಲಿ ಕೊಟ್ಟರೆ ನಾನೂ ಬರುತ್ತೇನೆ.

ನಿನ್ನೆ ಗೆಳೆಯ ಮತ್ತೆ ಫೋನ್ ಮಾಡಿದ್ದ. ಬರುವುದಿಲ್ಲ ಎಂದೆ. ಅರ್ಜಿ ಶುಲ್ಕ ಇನ್ನೂ ಕಟ್ಟಿಲ್ಲ.