ಆಟಿಸಂ ಮಗು ‘ಎಲ್ಲರಂತೆ’ ಆಗಲೇಬೇಕೆ?

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. 1965ರಲ್ಲಿ ಶುರುವಾದ ಈ ಸಂಸ್ಥೆಗೆ ಮಾತು ತಡವಾದ ಮಗುವನ್ನು ಕರೆತರುವ ಹೆತ್ತವರು, ಮಗು ಎಲ್ಲರಂತೆ ಆಗಲಿ ಎಂದು ಬಯಸುವುದು ಸಹಜ. ಆದರೆ ಆಟಿಸಂ, ಎಡಿಎಚ್‌ಡಿ (ಗಮನದ ಕೊರತೆ, ಅತಿಚಟುವಟಿಕೆ) ಇರುವವರ ಥೆರಪಿ ‘ಎಲ್ಲರಂತೆ’ ಎಂಬ ಆ ಗುರಿಯನ್ನೇ ಕೈಬಿಡಬೇಕು ಎಂಬ ವಾದವಿದೆ. ಬಿಡಬೇಕೆ?

ಪರ

ಬಿಡಬೇಕು. ಕಣ್ಣಲ್ಲಿ ಕಣ್ಣಿಟ್ಟು ನೋಡು, ಕೈ ಆಡಿಸಬೇಡ, ಸುಮ್ಮನೆ ಕೂತುಕೋ ಎಂದು ತಿದ್ದಿದರೆ ನೋಡುವವರಿಗೆ ಸಮಾಧಾನವಾದೀತು, ಮಗು ಮಾತ್ರ ತನ್ನನ್ನು ಬಚ್ಚಿಟ್ಟುಕೊಳ್ಳುವುದನ್ನು ಕಲಿಯುತ್ತದೆ. ಬ್ರಿಟನ್ನಿನ ಸಾರಾ ಕ್ಯಾಸಿಡಿ ಮತ್ತು ಸಂಗಡಿಗರ 2018ರ ಅಧ್ಯಯನದಲ್ಲಿ, ಸ್ವಭಾವವನ್ನು ಮರೆಮಾಚುವ ಆಟಿಸಂ ವಯಸ್ಕರಲ್ಲಿ ಆತ್ಮಹತ್ಯೆಯ ಅಪಾಯ ಹೆಚ್ಚಿರುವುದು ಕಂಡಿತು. ಒಂದಕ್ಕೆ ಇನ್ನೊಂದೇ ಕಾರಣವೆಂದು ಇದರಿಂದ ಸಾಬೀತಾಗುವುದಿಲ್ಲ, ನಿಜ. ಆದರೂ ಮರೆಮಾಚುವುದನ್ನೇ ಪಾಠ ಮಾಡುವ ಮೊದಲು ತಡೆದು ಯೋಚಿಸಲು ಇಷ್ಟು ಸಾಕು. ಆಟಿಸಂ ಇರುವ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್, ಒಬ್ಬರಿಗೊಬ್ಬರು ಅರ್ಥವಾಗದ ತೊಡಕು ಎರಡೂ ಕಡೆ ಇದೆ ಎಂದು 2012ರಲ್ಲಿ ವಾದಿಸಿದರು. ಹಾಗಿದ್ದರೆ ಕಲಿಯುವ ಹೊಣೆ ಮಗುವಿನದೊಂದೇ ಏಕೆ? ಗೋವಾ ಮತ್ತು ರಾವಲ್ಪಿಂಡಿಯ 65 ಮಕ್ಕಳೊಡನೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತಜ್ಞರಲ್ಲದ ಕಾರ್ಯಕರ್ತರು ಮಗುವಿನ ಸನ್ನೆ ಗಮನಿಸಿ ಸ್ಪಂದಿಸುವುದನ್ನು ಹೆತ್ತವರಿಗೆ ಕಲಿಸಿದರು. ಮಕ್ಕಳು ತಾವಾಗಿ ಸಂವಹನಕ್ಕೆ ಮುಂದಾಗುವುದು ಹೆಚ್ಚಿತು. ಮಗುವನ್ನು ಇದ್ದಂತೆ ಒಪ್ಪಿದರೆ ಕಲಿಕೆ ನಿಲ್ಲುತ್ತದೆ ಎನ್ನುವವರಿಗೆ ಇದು ಉತ್ತರ.

ವಿರೋಧ

ಅವಸರ ಬೇಡ. ಅದೇ ಪ್ರಯೋಗದಲ್ಲಿ ಹೆತ್ತವರೂ ಮಗುವೂ ಜೊತೆಯಾಗಿ ಗಮನ ಹರಿಸುವ ಸಮಯ ಕಡಿಮೆಯಾಯಿತು. ಸ್ಪಂದನೆಯೊಂದೇ ಎಲ್ಲವನ್ನೂ ಕೊಡದು. ಅಮೆರಿಕದ ಮನಶ್ಶಾಸ್ತ್ರಜ್ಞ ಇವಾರ್ ಲೊವಾಸ್ 1987ರಲ್ಲಿ, ವಾರಕ್ಕೆ 40 ಗಂಟೆಯ ತರಬೇತಿ ಪಡೆದ 19 ಮಕ್ಕಳಲ್ಲಿ 9 ಮಂದಿ ಸಾಮಾನ್ಯ ತರಗತಿಗೆ ಸೇರಿದರೆಂದು ವರದಿ ಮಾಡಿದರು. ಆ ತರಬೇತಿಯಲ್ಲಿ ಹೊಡೆತವೂ ಇತ್ತು, ಅದನ್ನು ಸಮರ್ಥಿಸಲಾಗದು. ಆದರೆ ತನ್ನನ್ನೇ ಕಚ್ಚಿಕೊಳ್ಳುವ, ರಸ್ತೆಗೆ ಓಡುವ, ಹಸಿವೆಂದೂ ಹೇಳಲಾಗದ ಮಗುವಿನ ತಾಯಿಗೆ, ತನ್ನ ಕಾಲಾನಂತರ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಚಿಂತೆ ಇದ್ದೇ ಇದೆ. ಎಡಿಎಚ್‌ಡಿಯಲ್ಲೂ ಸ್ವಭಾವಕ್ಕೆ ಗೌರವವೆಂದು ಉಪಯೋಗವಾಗುವ ಔಷಧಿಯನ್ನು ದೂರವಿಟ್ಟರೆ ಅನ್ಯಾಯವಾಗುತ್ತದೆ. ಕಾನೂನಿನ ತೊಡಕೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧದ ವೈಕಲ್ಯಗಳಲ್ಲಿ ಆಟಿಸಂ ಇದೆ, ಎಡಿಎಚ್‌ಡಿ ಇಲ್ಲ. ಮೀಸಲಾತಿಗೆ ಕನಿಷ್ಠ ಶೇ 40ರಷ್ಟು ವೈಕಲ್ಯದ ಪ್ರಮಾಣಪತ್ರ ಬೇಕು. ಕೊರತೆಯೇ ಇಲ್ಲ, ಬರೀ ಭಿನ್ನತೆ ಎಂದರೆ ಸರ್ಕಾರ ಕೈತೊಳೆದುಕೊಳ್ಳಬಹುದು.

ತೂಗಿ ನೋಡಿದರೆ

ವಿರೋಧದ ವಾದ ಉಳಿಸಿಕೊಳ್ಳಲು ಹೊರಟಿರುವುದು ಮಾತು, ಸುರಕ್ಷತೆ, ಸ್ವಾವಲಂಬನೆಯನ್ನು. ಇವು ಬೇಕೇ ಬೇಕು, ಆದರೆ ಎಲ್ಲರಂತೆ ಕಾಣದೆಯೂ ಇವನ್ನು ಕಲಿಯಬಹುದು. ಕಾಯ್ದೆ ಕೂಡ ಅಂಗವೈಕಲ್ಯವನ್ನು ವ್ಯಕ್ತಿಯ ಊನಕ್ಕಷ್ಟೇ ಕಟ್ಟದೆ, ಸುತ್ತಲಿನ ಅಡೆತಡೆಗಳೊಂದಿಗೆ ಸೇರಿಸಿಯೇ ವಿವರಿಸುತ್ತದೆ. ಹಾಗಾಗಿ ಭಿನ್ನತೆಯನ್ನು ಒಪ್ಪಿಯೂ ನೆರವನ್ನು ಹಕ್ಕಾಗಿ ಕೇಳಬಹುದು. ರಸ್ತೆ ದಾಟುವುದು, ‘ಬೇಡ’ ಎನ್ನಲು ಚಿತ್ರದ ಕಾರ್ಡ್ ತೋರಿಸುವುದು ಥೆರಪಿಯಲ್ಲಿ ಉಳಿಯಲಿ. ಯಾರಿಗೂ ನೋವಾಗದ ಕೈಯಾಟವನ್ನು ತಡೆಯುವುದು ಹೋಗಲಿ. ಮೈಸೂರಿನ ಥೆರಪಿ ಕೇಂದ್ರಗಳು, ಶಾಲೆಗಳು ಮಗುವಿಗೊಂದು ಗುರಿ ಬರೆಯುವ ಮುನ್ನ ಅದರಿಂದ ಮಗುವಿನ ಬದುಕಿಗೆ ಏನು ದಕ್ಕುತ್ತದೆ ಎಂದು ಕೇಳಿಕೊಳ್ಳಲಿ. ಉತ್ತರ ಸಿಗದ ಗುರಿಯನ್ನು ಹೊಡೆದುಹಾಕಲಿ.