ಮಧ್ಯರೇಖೆ ದಾಟುವ ನರತಂತು

ನಮ್ಮ ಬಲಗೈಯನ್ನು ಆಡಿಸುವುದು ಮಿದುಳಿನ ಎಡಭಾಗ. ಅದಕ್ಕಾಗಿ ನರತಂತುಗಳು ಬೆಳೆಯುವಾಗಲೇ ದೇಹದ ಮಧ್ಯರೇಖೆ ದಾಟಬೇಕು. ದಾಟಿದ ಮೇಲೆ ಹಿಂದಿರುಗಬಾರದು. ಅವಕ್ಕೆ ದಾರಿ ಹೇಳುವವರು ಯಾರು?

1994ರಲ್ಲಿ ನರವಿಜ್ಞಾನಿ ಮಾರ್ಕ್ ಟೆಸಿಯೆ-ಲವೀನ್ ಅವರ ತಂಡ ಸಾವಿರಾರು ಕೋಳಿಭ್ರೂಣಗಳ ಮಿದುಳಿನಿಂದ ಬೇರ್ಪಡಿಸಿದ ಪ್ರೋಟೀನಿಗೆ ನೆಟ್ರಿನ್ ಎಂದು ಹೆಸರಿಟ್ಟಿತು. ಮೂಲ, ಸಂಸ್ಕೃತದ ‘ನೇತೃ’. ನೇತಾರರ ಸುದ್ದಿಯನ್ನು ದಿನವೂ ಓದುವ ನಮಗೆ ನಿಜಕ್ಕೂ ದಾರಿ ತೋರುವ ನೇತಾರ ಸಿಕ್ಕಿದ್ದು ಇಲ್ಲಿ! ತಂತುವಿನ ತುದಿಯಲ್ಲಿರುವ ಡಿಸಿಸಿ ಎಂಬ ಗ್ರಾಹಕ ನೆಟ್ರಿನ್ನಿನ ಜಾಡು ಹಿಡಿದು ಮಧ್ಯರೇಖೆಯತ್ತ ಎಳೆಯುತ್ತದೆ. ಆದರೆ ಅಲ್ಲೇ ಸ್ಲಿಟ್ ಎಂಬ ಇನ್ನೊಂದು ಪ್ರೋಟೀನು ‘ದೂರ ಸರಿ’ ಎನ್ನುತ್ತಿರುತ್ತದೆ. ಅದನ್ನು ಕೇಳಿಸಿಕೊಳ್ಳುವ ಕಿವಿ, ರೋಬೊ ಗ್ರಾಹಕ. ಹಣ್ಣುನೊಣದಲ್ಲಿ ಕಾಮಿಶರ್‌ಲೆಸ್ ಎಂಬ ಪ್ರೋಟೀನು, ತಂತು ದಾಟುವ ತನಕ, ರೋಬೊವನ್ನು ಮೇಲ್ಮೈಗೆ ಬರಗೊಡುವುದಿಲ್ಲ. ದಾಟಿದ್ದೇ ತಡ, ಕಿವಿ ತೆರೆಯುತ್ತದೆ. ರೋಬೊ ಇಲ್ಲದ ನೊಣದಲ್ಲಿ ತಂತುಗಳು ಸರ್ಕಲ್ಲಿನಲ್ಲಿ ದಾರಿ ತಪ್ಪಿದ ಆಟೊದಂತೆ ಸುತ್ತಿದ್ದೇ ಸುತ್ತಿದ್ದು. ಅದಕ್ಕೆ ರೌಂಡ್‌ಅಬೌಟ್, ಚಿಕ್ಕದಾಗಿ ರೋಬೊ, ಎಂಬ ಹೆಸರು ಬಂದದ್ದೂ ಹೀಗೆಯೇ.

ನೊಣದ ಸಂಶೋಧನೆಗೇಕೆ ಜನರ ತೆರಿಗೆ ಹಣ ಎಂದು ಕೇಳುವವರು 2004ರ ಶೋಧವನ್ನು ಗಮನಿಸಲಿ. ಕಣ್ಣುಗಳನ್ನು ಎಡಬಲಕ್ಕೆ ಹೊರಳಿಸಲಾಗದೆ, ಬೆನ್ನುಮೂಳೆಯೂ ಬಾಗುತ್ತ ಹೋಗುವ ಅಪರೂಪದ ಕಾಯಿಲೆಗೆ ಕಾರಣ, ನೊಣದ ರೋಬೊ ಬಳಗಕ್ಕೇ ಸೇರಿದ, ಮನುಷ್ಯರ ರೋಬೊ3 ಜೀನಿನ ದೋಷವೆಂದು ಆಗ ತಿಳಿಯಿತು. ಡಿಸಿಸಿ ಜೀನು ಕೆಟ್ಟ ಕೆಲವರಲ್ಲಿ ಒಂದು ಕೈ ಮಾಡಿದ್ದನ್ನೇ ಇನ್ನೊಂದು ಕೈಯೂ ತಾನಾಗಿ ಮಾಡುತ್ತದೆ. ಅಂಗಿಯ ಗುಂಡಿ ಹಾಕಿಕೊಳ್ಳುವುದೂ ಅವರಿಗೆ ಹೆಣಗಾಟ.